ಪತ್ರಿಕೋದ್ಯಮ ಪದವಿಗೆ ಎಷ್ಟು ದುಡ್ಡು ಹಾಕಬಹುದು? ಫೀಸು ಕಟ್ಟುವ ಮುನ್ನ ಹಾಕಬೇಕಾದ ಲೆಕ್ಕ

ಪತ್ರಿಕೋದ್ಯಮ ಅಥವಾ ಸಮೂಹ ಸಂವಹನ ಓದಲು ಹೊರಟವರ ಲೆಕ್ಕ ತಪ್ಪುವುದು ಕೂಡಿಸಿ ಕಳೆಯುವುದರಲ್ಲಿ ಅಲ್ಲ, ಕ್ರಮದಲ್ಲಿ. ಮೊದಲು ಕಾಲೇಜು ಗೊತ್ತಾಗುತ್ತದೆ, ಆಮೇಲೆ ಫೀಸು ಹೊಂದಿಸುವ ಓಡಾಟ, ಅದರ ಬೆನ್ನಿಗೆ ಬ್ಯಾಂಕು. ಸಂಬಳದ ವಿಚಾರ ಬರುವುದು ಕೊನೆಯ ಸೆಮಿಸ್ಟರಿನಲ್ಲಿ. ಇಲ್ಲಿ ಅದನ್ನು ತಿರುಗಿಸಿ ಇಟ್ಟಿದ್ದೇವೆ: ಮೊದಲು ಸಂಬಳ, ಅದರಿಂದ ಸಾಲದ ಮಿತಿ, ಕೊನೆಗೆ ಕಾಲೇಜು. ಇಂಗ್ಲಿಷ್ ಮಾಧ್ಯಮದವರಿಗೂ ಕನ್ನಡದಲ್ಲೇ ಕೆಲಸ ಹುಡುಕುವವರಿಗೂ ಕ್ರಮ ಒಂದೇ.

ಬೇಕಾದ ಸಾಮಗ್ರಿ ಕಡಿಮೆ. ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ, ಯಾವುದಾದರೂ ಬ್ಯಾಂಕಿನ ಇಎಂಐ ಕ್ಯಾಲ್ಕ್ಯುಲೇಟರ್, ಪ್ರತಿ ಕಾಲೇಜಿನ ಎಲ್ಲ ವರ್ಷಗಳ ಫೀಸಿನ ಪಟ್ಟಿ, ಎರಡು ಮೂರು ವರ್ಷದ ಹಿಂದೆ ಓದು ಮುಗಿಸಿದ ಮೂವರ ಫೋನ್ ನಂಬರ್. ಕೊನೆಯದು ಸಿಗುವುದೇ ಕಷ್ಟ, ಅದಿಲ್ಲದೆ ಮುಂದಿನದ್ಯಾವುದೂ ನಡೆಯುವುದಿಲ್ಲ.

## ಹಂತ 1: ಕೋರ್ಸಿನ ಹೆಸರಲ್ಲ, ಕೆಲಸದ ಹೆಸರು ಬರೆಯಿರಿ

‘ಮೀಡಿಯಾದಲ್ಲಿ ಏನಾದರೂ’ ಎನ್ನುವುದು ಕೆಲಸದ ಹೆಸರಲ್ಲ. ದಿನಪತ್ರಿಕೆಯ ಉಪಸಂಪಾದಕ, ಟಿವಿ ಚಾನೆಲ್ಲಿನ ಬುಲೆಟಿನ್ ಪ್ರೊಡ್ಯೂಸರ್, ವಿಡಿಯೊ ಎಡಿಟರ್, ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಯ ಎಕ್ಸಿಕ್ಯೂಟಿವ್, ಐಟಿ ಕಂಪನಿಯ ಟೆಕ್ನಿಕಲ್ ರೈಟರ್: ಹೀಗೆ ಎರಡು ಹುದ್ದೆ ಬರೆಯಿರಿ, ಒಂದು ಮೊದಲ ಆಯ್ಕೆ, ಇನ್ನೊಂದು ಅದು ಕೈಕೊಟ್ಟರೆ.

ಆಮೇಲೆ ಪ್ರತಿ ಹುದ್ದೆಯ ಮುಂದೆ, ಆ ಕೆಲಸಕ್ಕೆ ಈ ಪದವಿ ಕಡ್ಡಾಯವೇ, ಅನುಕೂಲವೇ, ಅನಗತ್ಯವೇ ಎಂದು ಗುರುತು ಹಾಕಿ.

ಕಡ್ಡಾಯವಾಗುವ ಜಾಗಗಳು ಕಡಿಮೆ. ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸಬೇಕಾದರೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ (ಮೀಸಲು ವರ್ಗಗಳಿಗೆ ಶೇ 5 ರಿಯಾಯಿತಿ), ಜೊತೆಗೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ (ಇಲ್ಲವೇ ಪಿಎಚ್‌ಡಿ) ಬೇಕು. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಂಥ ಸರ್ಕಾರಿ ಹುದ್ದೆಗಳಲ್ಲಿ ಅಧಿಸೂಚನೆ ಕೇಳಿದ ಪದವಿ ಇಲ್ಲದಿದ್ದರೆ ಅರ್ಜಿಯೇ ನಿಲ್ಲುವುದಿಲ್ಲ.

ಪಿಆರ್ ಮತ್ತು ಕಾರ್ಪೊರೇಟ್ ಕಮ್ಯುನಿಕೇಷನ್ನಿನಲ್ಲಿ ಪದವಿ ಅನುಕೂಲ. ಅಲ್ಲಿ ಕ್ಯಾಂಪಸ್ ನೇಮಕಾತಿ ನಡೆಯುತ್ತದೆ, ಕಾಲೇಜಿನ ಹೆಸರು ಸಂದರ್ಶನದ ಬಾಗಿಲವರೆಗೆ ಕರೆದೊಯ್ಯುತ್ತದೆ. ಇಂಗ್ಲಿಷ್ ಬರವಣಿಗೆ ಗಟ್ಟಿಯಿಲ್ಲದಿದ್ದರೆ ಬಾಗಿಲಿನಲ್ಲೇ ನಿಲ್ಲಬೇಕಾಗುತ್ತದೆ.

ಕನ್ನಡ ದಿನಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಸಂಸ್ಥೆಯದೇ ಲಿಖಿತ ಪರೀಕ್ಷೆ ಇರುತ್ತದೆ: ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದು, ಉದ್ದ ವರದಿಯನ್ನು ಕಾಲು ಭಾಗಕ್ಕೆ ಇಳಿಸುವುದು, ತಲೆಬರಹ ಕೊಡುವುದು, ಪ್ರಚಲಿತ ವಿದ್ಯಮಾನ. ಇದರಲ್ಲಿ ಕನ್ನಡ ಎಂಎ ಮಾಡಿದವರು, ಬಿಎಸ್‌ಸಿ ಮಾಡಿದವರು ಪತ್ರಿಕೋದ್ಯಮ ಪದವೀಧರರನ್ನು ಹಿಂದೆ ಹಾಕುವುದು ಹೊಸದೇನಲ್ಲ. ವಿಡಿಯೊ ಎಡಿಟಿಂಗ್, ಸೋಷಿಯಲ್ ಮೀಡಿಯಾ, ಕಂಟೆಂಟ್ ರೈಟಿಂಗ್‌ನಲ್ಲಿ ಮಾಡಿದ ಕೆಲಸ ತೋರಿಸು ಎನ್ನುತ್ತಾರೆ, ಅಂಕಪಟ್ಟಿ ಕೇಳುವುದು ಕೆಲಸಕ್ಕೆ ಸೇರಿದ ಮೇಲೆ, ಎಚ್‌ಆರ್ ಫೈಲಿಗೆ.

‘ಅನಗತ್ಯ’ ಎಂದು ಗುರುತು ಬಿದ್ದ ಹುದ್ದೆಗೆ ಲಕ್ಷಗಟ್ಟಲೆ ಫೀಸು ಕೊಡಲು ಹೊರಟಿದ್ದರೆ ಅದೇ ಮೊದಲ ಎಚ್ಚರಿಕೆ.

## ಹಂತ 2: ಮೊದಲ ಸಂಬಳ ಪತ್ತೆ ಮಾಡಿ, ಕೈಗೆ ಬರುವಷ್ಟು ಮಾತ್ರ

ಕಾಲೇಜಿನ ಬ್ರೋಷರಿನಲ್ಲಿರುವ ‘ಗರಿಷ್ಠ ಪ್ಯಾಕೇಜ್’ ಒಬ್ಬರದು. ‘ಸರಾಸರಿ’ಯೂ ನಂಬಿಕೆಗೆ ಅರ್ಹವಲ್ಲ. ಹತ್ತು ಜನರಲ್ಲಿ ಒಬ್ಬರಿಗೆ 12 ಲಕ್ಷ, ಒಂಬತ್ತು ಜನರಿಗೆ 2.4 ಲಕ್ಷ ಸಿಕ್ಕರೆ ಸರಾಸರಿ 3.36 ಲಕ್ಷ, ಆದರೆ ಆ ಸಂಬಳ ಪಡೆದವರು ಒಬ್ಬರೂ ಇಲ್ಲ. ಕೇಳಬೇಕಾದದ್ದು ಮಧ್ಯಾಂಕ, ಅಂದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಡುವೆ ನಿಂತವರ ಸಂಬಳ.

ಇದನ್ನು ತಿಳಿಯಲು ಒಂದು ದಾರಿಯಿದೆ, ಬಳಸುವವರು ಕಡಿಮೆ. ಕೇಂದ್ರ ಶಿಕ್ಷಣ ಸಚಿವಾಲಯ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೊಡುವ ಎನ್‌ಐಆರ್‌ಎಫ್ ರ್‍ಯಾಂಕಿಂಗಿಗೆ ಅರ್ಜಿ ಹಾಕಿದ ಸಂಸ್ಥೆಗಳು ತಾವು ಸಲ್ಲಿಸಿದ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಹಾಕುತ್ತವೆ. ಅದರಲ್ಲಿ ದಾಖಲಾದವರು, ನಿಗದಿತ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಮುಂದಕ್ಕೆ ಓದಲು ಹೋದವರು, ಮಧ್ಯಾಂಕ ಸಂಬಳ ಎಲ್ಲವೂ ಇರುತ್ತದೆ. ಒಂದು ಹುಷಾರು: ಲೆಕ್ಕ ‘ಮೂರು ವರ್ಷದ ಪದವಿ’, ‘ಎರಡು ವರ್ಷದ ಸ್ನಾತಕೋತ್ತರ’ ಎಂದು ಅವಧಿವಾರು ಇರುತ್ತದೆ, ವಿಭಾಗವಾರು ಅಲ್ಲ. ಅಂದರೆ ಪತ್ರಿಕೋದ್ಯಮದವರ ಜೊತೆ ಬಿಕಾಂ, ಬಿಬಿಎಯವರೂ ಅದೇ ಸಾಲಿನಲ್ಲಿದ್ದಾರೆ. ಆ ಅಂಕಿಯನ್ನು ಗರಿಷ್ಠ ಮಿತಿಯ ಅಂದಾಜಾಗಿ ಇಟ್ಟುಕೊಳ್ಳಿ.

ನಿಜವಾದ ಅಂಕಿ ಹಳೆಯ ವಿದ್ಯಾರ್ಥಿಗಳಿಂದ ಬರಬೇಕು. ಹದಿನೈದು ವರ್ಷದ ಹಿಂದೆ ಓದಿ ಈಗ ಸಂಪಾದಕರಾದವರನ್ನು ಕೇಳಬೇಡಿ, ಅವರು ಸೇರಿದ ಕಾಲದ ಮಾರುಕಟ್ಟೆಯೇ ಬೇರೆ. ಸೇರಿದಾಗ ಬ್ಯಾಂಕ್ ಖಾತೆಗೆ ಬಿದ್ದದ್ದೆಷ್ಟು, ಈಗೆಷ್ಟು, ಪಿಎಫ್ ಇದೆಯೇ, ಸಂಬಳ ತಿಂಗಳು ತಿಂಗಳು ಬರುತ್ತದೆಯೇ, ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ಇನ್ನೂ ಇದೇ ಕ್ಷೇತ್ರದಲ್ಲಿದ್ದಾರೆ, ಇಷ್ಟು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ತಾಲ್ಲೂಕು ವರದಿಗಾರಿಕೆಯ ಆಸೆಯಿದ್ದವರು ಇನ್ನೂ ಎರಡು ಸೇರಿಸಿ: ಪೂರ್ಣಾವಧಿಯೋ ಅರೆಕಾಲಿಕವೋ, ಜಾಹೀರಾತು ತರುವ ಜವಾಬ್ದಾರಿ ಇದೆಯೋ.

ಸಿಟಿಸಿಯನ್ನು (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಹನ್ನೆರಡರಿಂದ ಭಾಗಿಸಿ ‘ತಿಂಗಳಿಗೆ ಇಷ್ಟು’ ಎನ್ನಬೇಡಿ. ಮೂರು ಲಕ್ಷದ ಸಿಟಿಸಿ ಎಂದರೆ 25,000 ಅಲ್ಲ. ಮೂಲ ವೇತನ ಅರ್ಧ, ಅಂದರೆ 1.5 ಲಕ್ಷ ಎಂದಿಟ್ಟುಕೊಂಡರೆ ಕಂಪನಿ ಪಾಲಿನ ಪಿಎಫ್ 18,000, ಗ್ರಾಚ್ಯುಟಿ ಸುಮಾರು 7,200 ಅದರೊಳಗೇ ಸೇರಿರುತ್ತದೆ. ನಿಮ್ಮ ಪಾಲಿನ ಪಿಎಫ್ ತಿಂಗಳಿಗೆ 1,500 ಕಳೆದರೆ ಕೈಗೆ ಬರುವುದು ಸುಮಾರು 21,400. ವಿಮೆಯ ಕಂತನ್ನೂ ಸಿಟಿಸಿಯಲ್ಲಿ ತುರುಕಿದ್ದರೆ ಇನ್ನೂ ಕಡಿಮೆ.

## ಹಂತ 3: ಸಂಬಳದಿಂದ ಸಾಲದ ಮಿತಿ ತೆಗೆಯಿರಿ

ಕೈಗೆ ಬರುವ ಸಂಬಳದ ಐದನೇ ಒಂದು ಭಾಗಕ್ಕಿಂತ ಕಂತು ಹೆಚ್ಚಾಗಬಾರದು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಓಡಾಟ ಕಳೆದರೆ ಹೊಸಬರ ಕೈಯಲ್ಲಿ ಅದಕ್ಕಿಂತ ಹೆಚ್ಚು ಉಳಿಯುವುದಿಲ್ಲ.

ಮೂವರು ಹೇಳಿದ್ದನ್ನು ನೋಡಿ ನಿಮ್ಮ ಅಂದಾಜು 20,000 ಎಂದಾಯಿತು ಎನ್ನಿ. ಕಂತಿನ ಮಿತಿ 4,000. ಶೇ 10 ಬಡ್ಡಿಗೆ ಏಳು ವರ್ಷದ ಅವಧಿಯಲ್ಲಿ ಒಂದು ಲಕ್ಷ ಸಾಲಕ್ಕೆ ಕಂತು ಸುಮಾರು 1,660. ಹಾಗಾದರೆ ನಿಮ್ಮ ಸಾಲದ ಮಿತಿ ಸುಮಾರು 2.4 ಲಕ್ಷ. ಗಮನಿಸಿ, ಇದು ಕಂತು ಶುರುವಾಗುವ ದಿನದ ಬಾಕಿ, ಬ್ಯಾಂಕು ಮಂಜೂರು ಮಾಡಿದ ಮೊತ್ತವಲ್ಲ. ಎರಡರ ನಡುವೆ ಬಡ್ಡಿ ಕೂತಿರುತ್ತದೆ, ಎಡವುವುದು ಅಲ್ಲೇ.

10 ಲಕ್ಷ ಸಾಲವನ್ನು ಮೂರು ವರ್ಷ ಸಮನಾಗಿ ಪಡೆದು, ಶೇ 10.5 ಬಡ್ಡಿಯಲ್ಲಿ, ಓದು ಮುಗಿದು ಒಂದು ವರ್ಷದ ನಂತರ ಕಂತು ಶುರುಮಾಡಿದರೆ ಅಷ್ಟರಲ್ಲಿ ಸರಳ ಬಡ್ಡಿಯೇ ಸುಮಾರು 3.15 ಲಕ್ಷ ಆಗಿರುತ್ತದೆ. 13.15 ಲಕ್ಷಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 17,740. ಕಟ್ಟಿ ಮುಗಿಸುವ ಹೊತ್ತಿಗೆ ಕೊಟ್ಟದ್ದು 21 ಲಕ್ಷದ ಮೇಲೆ. ಐದನೇ ಒಂದು ಭಾಗದ ನಿಯಮದಲ್ಲಿ ಈ ಕಂತು ಕಟ್ಟಲು ಕೈಗೆ 88,000ಕ್ಕೂ ಹೆಚ್ಚು ಬರಬೇಕು. ಸುದ್ದಿಮನೆಗೆ ಹೊಸದಾಗಿ ಸೇರಿದವರಿಗೆ ಆ ಸಂಬಳ ಕೊಡುವ ಕನ್ನಡ ಪತ್ರಿಕೆಯನ್ನು ಹುಡುಕಿ ನೋಡಿ.

ಅಪ್ಪ ಅಮ್ಮ ಸಾಲವಿಲ್ಲದೆ ಕಟ್ಟಬಲ್ಲರೆಂದರೆ ಲೆಕ್ಕ ಬೇಡವೆಂದಲ್ಲ. ಅದೇ ಮೊತ್ತ ಠೇವಣಿಯಲ್ಲಿದ್ದರೆ ಎಷ್ಟಾಗುತ್ತಿತ್ತು ಎಂದು ಪಕ್ಕದಲ್ಲಿ ಬರೆಯಿರಿ.

## ಹಂತ 4: ಪೂರ್ತಿ ಖರ್ಚು ಬರೆಯಿರಿ

ಮೊದಲ ವರ್ಷದ ಫೀಸನ್ನು ಮೂರರಿಂದ ಗುಣಿಸುವುದು ಸಾಮಾನ್ಯ ತಪ್ಪು. ಮೂರು ಲಕ್ಷದ ಫೀಸು ವರ್ಷಕ್ಕೆ ಶೇ 10 ಏರಿದರೆ ಮೊತ್ತ 9 ಲಕ್ಷವಲ್ಲ, 9.93 ಲಕ್ಷ. ಏರಿಕೆ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ. ‘ಹೆಚ್ಚೇನೂ ಆಗಲ್ಲ’ ಎಂಬ ಬಾಯಿಮಾತಿಗೆ ಬೆಲೆಯಿಲ್ಲ.

ಪಟ್ಟಿಯಲ್ಲಿ ಬಿಟ್ಟುಹೋಗುವ ಬಾಬ್ತುಗಳು: ಪರೀಕ್ಷಾ ಶುಲ್ಕ, ಲ್ಯಾಬ್ ಶುಲ್ಕ, ಹಾಸ್ಟೆಲ್ ಠೇವಣಿ, ಕಡ್ಡಾಯ ಸ್ಟಡಿ ಟೂರ್, ವಿಡಿಯೊ ಎಡಿಟ್ ಮಾಡುವಷ್ಟು ಗಟ್ಟಿಯಾದ ಲ್ಯಾಪ್‌ಟಾಪ್, ಮೈಕು, ಹಾರ್ಡ್‌ಡಿಸ್ಕ್. ಕ್ಯಾಮೆರಾವನ್ನು ಮೊದಲ ವರ್ಷ ಕೊಳ್ಳಬೇಡಿ, ಫೋನು ಸಾಕು. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಕಲಿಕೆಗೆ ಧಾರಾಳವಾಗುತ್ತದೆ.

ಸಂಬಳವಿಲ್ಲದ ಇಂಟರ್ನ್‌ಶಿಪ್ಪಿನ ತಿಂಗಳುಗಳನ್ನು ಪ್ರತ್ಯೇಕ ಸಾಲಾಗಿ ಬರೆಯಿರಿ. ಹಾಸನದ ಹುಡುಗಿ ಬೆಂಗಳೂರಿನಲ್ಲಿ ಎರಡು ತಿಂಗಳು ಇಂಟರ್ನ್ ಆದರೆ ಆ ಎರಡು ತಿಂಗಳ ಪಿಜಿ, ಊಟ, ಬಸ್ಸು ಮನೆಯವರ ಜೇಬಿನಿಂದಲೇ ಹೋಗಬೇಕು. ಓದು ಮುಗಿದು ಕೆಲಸ ಸಿಗುವವರೆಗಿನ ನಾಲ್ಕೈದು ತಿಂಗಳ ಖರ್ಚೂ ಇದೇ ಪಟ್ಟಿಗೆ.

ಸ್ನಾತಕೋತ್ತರಕ್ಕೆ ಹೋಗುವವರಿಗೆ ಅತಿ ದೊಡ್ಡ ಖರ್ಚು ಫೀಸಲ್ಲ, ಬಿಟ್ಟ ಸಂಬಳ. ಕೈಯಲ್ಲಿ 18,000ದ ಕೆಲಸ ಇದ್ದೂ ಎರಡು ವರ್ಷ ಎಂಎಗೆ ಹೋದರೆ 4.32 ಲಕ್ಷ ಬಿಟ್ಟಂತೆ. ಫೀಸು ಮತ್ತಿತರ ಖರ್ಚು 1.5 ಲಕ್ಷವೆಂದರೆ ಒಟ್ಟು 5.82 ಲಕ್ಷ. ಎಂಎ ಆದ ಮೇಲೆ ಸಂಬಳ 4,000 ಮಾತ್ರ ಹೆಚ್ಚಾದರೆ ಅದನ್ನು ತುಂಬಿಕೊಳ್ಳಲು ಹನ್ನೆರಡು ವರ್ಷ ಬೇಕು, 10,000 ಹೆಚ್ಚಾದರೆ ಐದು ವರ್ಷದೊಳಗೆ. ‘ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಫೀಸು ಕಡಿಮೆ, ಹೋದರೆ ಏನು ನಷ್ಟ’ ಎನ್ನುವವರು ಈ ಸಾಲನ್ನೇ ಮರೆತಿರುತ್ತಾರೆ. ಕೆಲಸ ಇಲ್ಲದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರಿಗೆ ಎಂಎ ನಿಜಕ್ಕೂ ಅಗ್ಗ.

ಪಿಯುಸಿ ಮುಗಿಸಿದವರಿಗೆ ಹೋಲಿಕೆಯೇ ಬೇರೆ. ಹೇಗೂ ಯಾವುದೋ ಒಂದು ಪದವಿ ಓದುತ್ತೀರಿ. ಊರಿನ ಕಾಲೇಜಿನ ಬಿಕಾಂ ಅಥವಾ ಬಿಎಗಿಂತ ಇದಕ್ಕೆ ಎಷ್ಟು ಹೆಚ್ಚು ಆಗುತ್ತದೆ ಎಂಬ ವ್ಯತ್ಯಾಸವಷ್ಟೇ ಲೆಕ್ಕಕ್ಕೆ.

## ಹಂತ 5: ಮೂರು ದಾರಿಗಳನ್ನು ಎದುರುಬದುರು ಇಡಿ

ಮೊದಲನೆಯದು, ಸರ್ಕಾರಿ ಅಥವಾ ಅನುದಾನಿತ ಕಾಲೇಜಿನ ಬಿಎಯಲ್ಲಿ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಓದುವುದು. ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಜೊತೆಯ ವಿಷಯಗಳ ಆಯ್ಕೆ ಇಲ್ಲಿ ಪತ್ರಿಕೋದ್ಯಮದಷ್ಟೇ ಮುಖ್ಯ: ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇಂಗ್ಲಿಷ್ ಇದ್ದರೆ ಬಿಇಡಿ, ಸ್ಪರ್ಧಾತ್ಮಕ ಪರೀಕ್ಷೆ, ಬೇರೆ ಎಂಎ ಎಲ್ಲದಕ್ಕೂ ಬಾಗಿಲು ತೆರೆದಿರುತ್ತದೆ. ಮುಂದೆ ಮೈಸೂರು, ಮಂಗಳಗಂಗೋತ್ರಿ, ಧಾರವಾಡ, ಶಂಕರಘಟ್ಟದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರವೂ ಉಂಟು. ಕೊರತೆ ಎಂದರೆ ಉಪಕರಣ ಮತ್ತು ಬೆಂಗಳೂರಿನ ಕಂಪನಿಗಳ ಪರಿಚಯ.

ಎರಡನೆಯದು, ಖಾಸಗಿ ವಿಶ್ವವಿದ್ಯಾಲಯದ ಪೂರ್ಣ ಸಮೂಹ ಸಂವಹನ ಪದವಿ. ಸ್ಟುಡಿಯೊ, ಎಡಿಟಿಂಗ್ ಲ್ಯಾಬ್, ಕೆಲವೆಡೆ ಸಮುದಾಯ ಬಾನುಲಿ (ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್, ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ರೇಡಿಯೊ ಸಾರಂಗ್) ಇರುತ್ತದೆ. ಪಿಆರ್, ಜಾಹೀರಾತು, ಕಾರ್ಪೊರೇಟ್ ಕಡೆ ಹೋಗುವುದು ಖಚಿತವಿದ್ದು, ಫೀಸು ಮೂರನೇ ಹಂತದ ಮಿತಿಯೊಳಗಿದ್ದರೆ ಇದು ಸರಿಯಾದ ಆಯ್ಕೆ. ಕನ್ನಡ ಪತ್ರಿಕೆಯ ಡೆಸ್ಕಿಗೆ (ಸುದ್ದಿ ತಿದ್ದುವ ವಿಭಾಗಕ್ಕೆ) ಹೋಗಬೇಕೆಂದಿದ್ದರೆ ಹಣದ ಬಹುಪಾಲು ವ್ಯರ್ಥ.

ಮೂರನೆಯದು, ಬೇರೆ ವಿಷಯದಲ್ಲಿ ಪದವಿ, ಆಮೇಲೆ ಒಂದು ವರ್ಷದೊಳಗಿನ ಪತ್ರಿಕೋದ್ಯಮ ಡಿಪ್ಲೊಮಾ. ವರದಿಗಾರಿಕೆಗೆ ನಮ್ಮ ಮತ ಇದಕ್ಕೇ. ಕಾನೂನು ಓದಿದವರು ಕೋರ್ಟು ವರದಿಯಲ್ಲಿ, ವಾಣಿಜ್ಯ ಓದಿದವರು ಬಜೆಟ್ ವರದಿಯಲ್ಲಿ ಮೊದಲ ದಿನದಿಂದಲೇ ಬೇರೆಯಾಗಿ ಕಾಣುತ್ತಾರೆ. ದೆಹಲಿಯ ಐಐಎಂಸಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್), ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ ಇಂಥ ಕೋರ್ಸಿಗೆ ಹೆಸರಾದವು, ಪ್ರವೇಶ ಸುಲಭವಲ್ಲ. ಇಲ್ಲೊಂದು ಗುಂಡಿಯಿದೆ: ಸ್ನಾತಕೋತ್ತರ ಡಿಪ್ಲೊಮಾ ಎಂಎಗೆ ಸಮನಲ್ಲ. ಮುಂದೆ ಅಧ್ಯಾಪಕರಾಗುವ ಯೋಚನೆಯಿದ್ದರೆ ಇದೊಂದೇ ಸಾಲದು.

ಪ್ರತಿ ದಾರಿಗೂ, 23ನೇ ವಯಸ್ಸಿಗೆ ಮತ್ತು 26ನೇ ವಯಸ್ಸಿಗೆ ಖರ್ಚಾದದ್ದೆಷ್ಟು, ಗಳಿಸಿದ್ದೆಷ್ಟು, ಉಳಿದ ಸಾಲವೆಷ್ಟು ಎಂದು ಬರೆಯಿರಿ. ಹಾಳೆಯನ್ನು ಮನೆಯವರ ಮುಂದಿಡಿ.

## ಹಂತ 6: ಕಾಲೇಜಿಗೆ ಹೋಗಿ ನೋಡಿ

ಓಪನ್ ಡೇ ದಿನ ಹೋಗಬೇಡಿ, ಅಂದು ಎಲ್ಲ ದೀಪವೂ ಉರಿಯುತ್ತಿರುತ್ತದೆ. ಸಾಮಾನ್ಯ ವಾರದ ದಿನ ಮಧ್ಯಾಹ್ನ ಹೋಗಿ. ಸ್ಟುಡಿಯೊಗೆ ಬೀಗ ಇದೆಯೇ? ಕ್ಯಾಮೆರಾ ಪಡೆದ ರಿಜಿಸ್ಟರಿನಲ್ಲಿ ಕಳೆದ ತಿಂಗಳ ಎಂಟ್ರಿ ಇದೆಯೇ? ಒಂದು ಎಡಿಟಿಂಗ್ ಕಂಪ್ಯೂಟರಿಗೆ ಎಷ್ಟು ಜನ? ವಿದ್ಯಾರ್ಥಿಗಳೇ ಹೊರತರುವ ಪ್ರಾಯೋಗಿಕ ಪತ್ರಿಕೆಯ ಇತ್ತೀಚಿನ ಸಂಚಿಕೆ ಯಾವ ತಿಂಗಳದ್ದು? ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಐದು ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಅದೇ ಉತ್ತರ.

ಇವು ಕಂಡರೆ ಹಿಂದೆ ಸರಿಯಿರಿ:

- ‘ಶೇ 100 ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಎಂಬ ಫಲಕ. ಅಸಿಸ್ಟೆನ್ಸ್ ಎಂದರೆ ಕೆಲಸ ಕೊಡಿಸುತ್ತೇವೆಂದಲ್ಲ, ರೆಸ್ಯೂಮೆ ಕಳಿಸುತ್ತೇವೆಂದು.
- ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಕಂಪನಿಯ ಲೋಗೊ ಮಾತ್ರ ಇದ್ದು ಹುದ್ದೆಯ ಹೆಸರಿಲ್ಲದಿರುವುದು. ಕೇಳಿ ನೋಡಿದರೆ ಹಲವು ಸೇಲ್ಸ್ ಕೆಲಸಗಳಾಗಿರುತ್ತವೆ.
- ‘ಇವತ್ತೇ ಕಟ್ಟಿದರೆ ರಿಯಾಯಿತಿ’.
- ಮೂಲ ಅಂಕಪಟ್ಟಿ ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವುದು. ಪರಿಶೀಲಿಸಿ ಹಿಂತಿರುಗಿಸಬೇಕೆಂಬುದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ.
- ಪದವಿ ಕೊಡುವ ವಿಶ್ವವಿದ್ಯಾಲಯದ ಹೆಸರು ಯುಜಿಸಿ ಪಟ್ಟಿಯಲ್ಲಿ ಇಲ್ಲದಿರುವುದು.
- ಇಂಟರ್ನ್‌ಶಿಪ್ ಕೊಡಿಸಲು ಅಥವಾ ನಿರೂಪಕಿ ಮಾಡಲು ಪ್ರತ್ಯೇಕ ದುಡ್ಡು ಕೇಳುವುದು.

## ಹಂತ 7: ಸಾಲಕ್ಕೆ ಮುಂಚೆ ವಿದ್ಯಾರ್ಥಿವೇತನ

ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ) ಪೋರ್ಟಲ್ ಮೊದಲು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಸಿದ್ಧವಿರಲಿ. ಆಧಾರಿನಲ್ಲಿ ಮತ್ತು ಅಂಕಪಟ್ಟಿಯಲ್ಲಿ ಹೆಸರಿನ ಕಾಗುಣಿತ ಬೇರೆಯಿದ್ದು ತೊಂದರೆಯಾಗುವುದು ಪ್ರತಿವರ್ಷದ ಗೋಳು. ಪರ ಊರಿನಲ್ಲಿ ಓದುವ ಹಿಂದುಳಿದ ವರ್ಗದವರು ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿಯನ್ನೂ ನೋಡಿ. ‘ಅರಿವು’ ಎಂಬ ರಾಜ್ಯ ನಿಗಮಗಳ ಶಿಕ್ಷಣ ಸಾಲವನ್ನು ನಂಬಿ ಸೀಟು ಹಿಡಿಯಬೇಡಿ, ಅದು ಮುಖ್ಯವಾಗಿ ಸಿಇಟಿ, ನೀಟ್ ಮೂಲಕ ಸೀಟು ಪಡೆದ ವೃತ್ತಿಪರ ಕೋರ್ಸಿನವರಿಗೆ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದ ತನಕ ಆಸ್ತಿ ಅಡಮಾನ ಕೇಳುವುದಿಲ್ಲ. ಕಂತು ಓದು ಮುಗಿದು ಒಂದು ವರ್ಷದ ನಂತರ ಶುರು. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಸಾಲ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಅಡಮಾನವೂ ಜಾಮೀನೂ ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ ಉಂಟು. ಆದರೆ ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗಿಲ್ಲ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ಫೀಸು ಕಟ್ಟುವ ಮೊದಲೇ ನೋಡಿ.

ಮನೆಯವರಿಗೆ ಸಾಧ್ಯವಾದರೆ ಓದುವಾಗಲೇ ಬಡ್ಡಿಯನ್ನಷ್ಟಾದರೂ ಕಟ್ಟುತ್ತಾ ಬನ್ನಿ. ಮೇಲಿನ 10 ಲಕ್ಷದ ಉದಾಹರಣೆಯಲ್ಲಿ ಹಾಗೆ ಮಾಡಿದರೆ ಕಂತು 17,740ರ ಬದಲು ಸುಮಾರು 13,490ಕ್ಕೆ ಇಳಿಯುತ್ತದೆ. ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

## ಹಂತ 8: ಹಿಂದೆ ಸರಿಯುವ ದಿನಾಂಕ ಗುರುತು ಹಾಕಿ

ಫೀಸು ಕಟ್ಟಿದ ದಿನವೇ ಕ್ಯಾಲೆಂಡರಿನಲ್ಲಿ ದಾಖಲಾತಿಯ ಕೊನೆಯ ದಿನವನ್ನು ಬರೆದಿಡಿ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ, ಆ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಸಂಸ್ಕರಣಾ ಶುಲ್ಕವಾಗಿ ಶೇ 5 (ಗರಿಷ್ಠ 5,000 ರೂಪಾಯಿ) ಕಳೆದು ಪೂರ್ತಿ ಹಣ ವಾಪಸ್. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90, ಕೊನೆಯ ದಿನ ದಾಟಿ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರ ದಿನಾಂಕ ಪ್ರಕಟಿಸುತ್ತದೆ, ಆ ವರ್ಷದ ಸುತ್ತೋಲೆ ನೋಡಿ. ಅರ್ಜಿಯನ್ನು ಇಮೇಲಿನಲ್ಲೇ ಕಳಿಸಿ, ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ತಾರೀಖಿಲ್ಲದ ಮಾತು.

## ಹಂತ 9: ಈಗಾಗಲೇ ಸೇರಿದ್ದರೆ

ಮೇಲಿನ ಗಡುವು ದಾಟಿದ್ದರೆ ಕಟ್ಟಿದ ಫೀಸು ವಾಪಸ್ ಬರುವುದಿಲ್ಲ, ಅದನ್ನು ಲೆಕ್ಕದಿಂದ ತೆಗೆಯಿರಿ. ಇನ್ನು ಮುಂದೆ ಕಟ್ಟಬೇಕಾದದ್ದು ಮತ್ತು ಅದರಿಂದ ಸಿಗುವುದು, ಇವೆರಡೇ ಪ್ರಶ್ನೆ.

ಎರಡನೇ ಸೆಮಿಸ್ಟರ್ ಒಳಗೆ ಯುನಿಕೋಡ್ ಕನ್ನಡ ಟೈಪಿಂಗ್ ನೋಡದೆ ಬರಬೇಕು, ದಿನಕ್ಕೊಂದು ಇಂಗ್ಲಿಷ್ ಸುದ್ದಿಯ ಅನುವಾದ ಅಭ್ಯಾಸವಾಗಬೇಕು. ನಾಲ್ಕನೆಯದರ ಒಳಗೆ ಹೆಸರಿನೊಂದಿಗೆ ಪ್ರಕಟವಾದ ಎಂಟು ಹತ್ತು ಬರಹ, ಮೂರು ನಿಮಿಷ ಮೀರದ ಎರಡು ವಿಡಿಯೊ ಇರಬೇಕು. ಇಂಟರ್ನ್‌ಶಿಪ್ಪಿಗೆ ಬೇಸಿಗೆ ರಜೆಯನ್ನೇ ಕಾಯಬೇಡಿ. ಎಲ್ಲ ಕಾಲೇಜಿನವರೂ ಒಟ್ಟಿಗೆ ಬಂದಾಗ ಸುದ್ದಿಮನೆಯಲ್ಲಿ ಕೂರಲು ಕುರ್ಚಿಯೂ ಸಿಗುವುದಿಲ್ಲ, ಕಲಿಸುವವರಿಗೆ ಬಿಡುವೂ ಇರುವುದಿಲ್ಲ. ಸೆಮಿಸ್ಟರ್ ನಡುವಿನ ರಜೆಯಲ್ಲಿ ಜಿಲ್ಲಾ ಕಚೇರಿಗೆ ಹೋದವರು ಹದಿನೈದು ದಿನದಲ್ಲಿ ಹೆಚ್ಚು ಬರೆಯುತ್ತಾರೆ.

ಐದನೇ ಸೆಮಿಸ್ಟರಿನಲ್ಲಿ ಎರಡನೇ ಹಂತದ ಫೋನ್ ಕರೆಗಳನ್ನು ಮತ್ತೆ ಮಾಡಿ, ಸಂಬಳದ ಅಂದಾಜು ಬದಲಾಗಿದ್ದರೆ ತಿದ್ದಿ. ಅಷ್ಟರಲ್ಲೂ ನಿಮ್ಮ ಹೆಸರಿನಲ್ಲಿ ಏನೂ ಪ್ರಕಟವಾಗಿಲ್ಲವೆಂದರೆ ಎಂಎಗೆಂದು ಹೊಸ ಸಾಲ ಮಾಡಬೇಡಿ. ಮೊದಲು ಆರು ತಿಂಗಳು ಸಿಕ್ಕ ಡೆಸ್ಕಿನಲ್ಲಿ, ಸಿಕ್ಕ ಸಂಬಳಕ್ಕೆ ಕೆಲಸ ಮಾಡಿ. ಎಂಎ ಅರ್ಜಿ ಮುಂದಿನ ವರ್ಷವೂ ಕರೆಯುತ್ತಾರೆ.